ಬಿರುಕು ಬಿಟ್ಟ ಬೆಳ್ಳಕ್ಕಿ

ಓದುಗರೊಬ್ಬರು ಬರೆದಿದ್ದಾರೆ: ‘ಮನೆಯ ಕೈತೋಟಕ್ಕೆ ಅಂತ ತಂತಿ, ಸಿಮೆಂಟ್ ಬಳಸಿ ಒಂದು ಬೆಳ್ಳಕ್ಕಿ ಮಾಡಿದೆ. ಸುರಿಯಲು ಬರುವ ಹಾಗೆ ತೆಳುವಾಗಿ ಕಲಸಿ, ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ್ದೆ. ಮಳೆಗಾಲ ಮುಗಿಯುವಷ್ಟರಲ್ಲಿ ಕತ್ತು ಬಿರುಕು ಬಿಟ್ಟು ಕಂದು ಕಲೆ ಇಳಿದಿದೆ. ಮನೆಯವರು ನಗುತ್ತಾರೆ, ಫೈಬರ್ ಗೊಂಬೆ ತಂದಿಡೋಣ ಅಂತಾರೆ. ಇದನ್ನೆಲ್ಲ ಕೈಯಲ್ಲಿ ಮಾಡುವುದರಲ್ಲಿ ಅರ್ಥ ಇದೆಯಾ? ಎಣ್ಣೆ ಬಣ್ಣ ಹೊಡೆದರೆ ಬಿರುಕು ಮುಚ್ಚುತ್ತದಾ?’

ಸಂಪಾದಕರ ಉತ್ತರ: ಮೊದಲು ಮನೆಯವರ ಮಾತಿಗೆ ಕೊಡಬೇಕಾದ ಮರ್ಯಾದೆ ಕೊಟ್ಟುಬಿಡೋಣ. ಫೈಬರ್ ಗೊಂಬೆ ಹಗುರ, ತುಕ್ಕು ಹಿಡಿಯಲ್ಲ, ಬೇಕೆಂದಲ್ಲಿಗೆ ಎತ್ತಿಡಬಹುದು. ಸರಿ, ಆಯಿತು.

ಈಗ ನಿಮ್ಮ ಬೆಳ್ಳಕ್ಕಿ. ‘ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದ್ದೆ’ ಅಂತ ಹೆಮ್ಮೆಯಿಂದ ಬರೆದಿದ್ದೀರಲ್ಲ, ಕೆಟ್ಟಿದ್ದು ಅಲ್ಲೇ. ಸಿಮೆಂಟ್ ಒಣಗಿ ಗಟ್ಟಿಯಾಗುವ ವಸ್ತುವಲ್ಲ ಮಾರಾಯ್ರೇ, ನೀರಿನ ಜೊತೆ ಸೇರಿ ಗಟ್ಟಿಯಾಗುವುದು. ಆ ನೀರನ್ನು ಬಿಸಿಲು ಮೊದಲೇ ಕುಡಿದುಬಿಟ್ಟರೆ ಒಳಗೆ ಬಲ ಬರುವುದಿಲ್ಲ. ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಮರಳು ಹಾಕಿ, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲುವಷ್ಟೇ ನೀರು ಸಾಕು. ಆಮೇಲೆ ಒದ್ದೆ ಗೋಣಿ ಹೊದಿಸಿ ನೆರಳಲ್ಲಿ ಕಡೇಪಕ್ಷ 7 ದಿನ ಇಡಿ. ಬಹುಪಾಲು ಬಲ ಬರೋದಕ್ಕೆ 28 ದಿನ ಬೇಕು. ಕಂದು ಕಲೆ ಒಳಗಿನ ಕಂಬಿಯದ್ದು. ತುಕ್ಕು ಹಿಡಿದ ಕಬ್ಬಿಣ ಊದಿಕೊಂಡು, ಮೇಲಿನ ಸಿಮೆಂಟನ್ನು ಒಳಗಿನಿಂದಲೇ ಒಡೆಯುತ್ತದೆ. ಕತ್ತು ಸಪೂರ ಇರಲಿ ಅಂತ ಸಿಮೆಂಟ್ ತೆಳುವಾಗಿ ಬಳಿದಿರುತ್ತೀರಿ, ಅಲ್ವಾ? ಕಂಬಿಯ ಮೇಲೆ ಒಂದು ಇಂಚಾದರೂ ದಪ್ಪ ಇರಬೇಕು, ಜಾಲರಿ ಸತು ಲೇಪದ್ದಾಗಿರಬೇಕು. ಬೆಳ್ಳಕ್ಕಿ ಸ್ವಲ್ಪ ದಪ್ಪ ಕತ್ತಿನದಾದರೆ ಆಗಲಿ ಬಿಡಿ, ಅದೇನೂ ದೂರು ಕೊಡೋದಿಲ್ಲ.

ಬಿರುಕಿಗೆ ನಗುವವರಿಗೆ ಸೈಮನ್ ರೋಡಿಯಾನ ಕಥೆ ಹೇಳಿ. ಇಟಲಿಯಿಂದ ವಲಸೆ ಬಂದ ಕೂಲಿಯವ. ಲಾಸ್ ಏಂಜಲೀಸ್‌ನ ತನ್ನ ಹಿತ್ತಲಲ್ಲಿ 1921ರಿಂದ 1954ರವರೆಗೆ ಒಬ್ಬನೇ ಕಬ್ಬಿಣ ಬಗ್ಗಿಸಿ, ಸಿಮೆಂಟ್ ಮೆತ್ತಿ, ಒಡೆದ ಬಾಟಲಿ, ಹೆಂಚು, ಕಪ್ಪೆಚಿಪ್ಪು ಒತ್ತಿ ಗೋಪುರಗಳನ್ನು ಎಬ್ಬಿಸಿದ. ಎಲ್ಲಕ್ಕಿಂತ ಎತ್ತರದ್ದು ಸುಮಾರು 30 ಮೀಟರ್! ಅವನು ಬಿಟ್ಟುಹೋದ ಮೇಲೆ ನಗರದ ಅಧಿಕಾರಿಗಳು ಅಪಾಯ, ಕೆಡವಬೇಕು ಅಂದರು. 1959ರಲ್ಲಿ 10,000 ಪೌಂಡ್ ಬಲ ಹಾಕಿ ಎಳೆದು ನೋಡಿದರು. ಗೋಪುರ ಜಗ್ಗಲಿಲ್ಲ. ಆದರೆ ಒಳಗಿನ ಕಬ್ಬಿಣ ತುಕ್ಕು ಹಿಡಿದು ಅದರಲ್ಲೂ ಬಿರುಕು ಬಿಡುತ್ತದೆ, ತಜ್ಞರು ವರ್ಷಗಟ್ಟಲೆ ತುಂಬುತ್ತಲೇ ಬಂದಿದ್ದಾರೆ. ನಿಮ್ಮದೂ ಅದೇ ಕಾಯಿಲೆ. ಒಳ್ಳೆಯ ಸಹವಾಸದಲ್ಲೇ ಇದ್ದೀರಿ.

ನಮ್ಮ ದೇಶದವರೇ ಬೇಕಾದರೆ ನೇಕ್ ಚಂದ್. ಚಂಡೀಗಢದಲ್ಲಿ ರಸ್ತೆ ಇನ್‌ಸ್ಪೆಕ್ಟರ್. ಅಳೆದು ಗೆರೆ ಎಳೆದು ಕಟ್ಟುತ್ತಿದ್ದ ಊರಿನ ಪಕ್ಕದಲ್ಲೇ, ಸರ್ಕಾರಿ ಕಾಡಿನ ಮರೆಯಲ್ಲಿ, ಒಡೆದ ಬಳೆ, ಪಿಂಗಾಣಿ ಚೂರುಗಳಿಂದ ಕದ್ದುಮುಚ್ಚಿ ಸಾಲು ಸಾಲು ಬೊಂಬೆ ಮಾಡಿ ನಿಲ್ಲಿಸಿದರು. ಸಿಕ್ಕಿಬಿದ್ದಾಗ ಎಲ್ಲವನ್ನೂ ಕೆಡವಿಬಿಡುವ ಮಾತೂ ಬಂದಿತ್ತು. ಆದರೆ 1976ರಲ್ಲಿ ಅದೇ ಜಾಗ ಜನರಿಗೆ ತೆರೆಯಿತು, 1984ರಲ್ಲಿ ಪದ್ಮಶ್ರೀಯೂ ಬಂತು. ಆ ಬೊಂಬೆಗಳ ಮುಖ ನೋಡಿ. ಒಂದಕ್ಕೂ ‘ಫಿನಿಶಿಂಗ್’ ಇಲ್ಲ.

ನನಗೆ ಸಿಟ್ಟು ಬರೋದೇ ಈ ಫಿನಿಶಿಂಗ್ ಅನ್ನೋ ಮಾತಿಗೆ. ಅಚ್ಚಿನಿಂದ ಎದ್ದುಬಂದ ಗೊಂಬೆ ನೋಡಿ ನೋಡಿ ನಮ್ಮ ಕಣ್ಣು ಕೆಟ್ಟುಹೋಗಿದೆ. ಬೆರಳಚ್ಚು ಕಂಡರೆ ತಪ್ಪು ಅಂದುಕೊಳ್ಳುತ್ತೇವೆ. ಮಕ್ಕಳಿಗೆ ಮಣ್ಣು ಕೊಡುವ ಬದಲು ನಂಬರ್ ಹಾಕಿದ ತುಂಡುಗಳ ಡಬ್ಬ ಕೊಟ್ಟು, ಚಿತ್ರದಲ್ಲಿರುವ ಹಾಗೇ ಜೋಡಿಸು ಅಂತೇವೆ. ಆಮೇಲೆ ಅವರಿಗೆ ಸ್ವಂತ ಬುದ್ಧಿಯೇ ಇಲ್ಲ ಅಂತ ಗೊಣಗುತ್ತೇವೆ. ನಮ್ಮ ಪತ್ರಿಕೆಗೆ ಬರುವ ಪತ್ರಗಳಲ್ಲೂ ‘ಎಲ್ಲಿ ಸಿಗುತ್ತೆ’ ಅನ್ನುವವರೇ ಜಾಸ್ತಿ, ‘ಹೇಗೆ ಮಾಡೋದು’ ಅನ್ನುವವರು ಅಪರೂಪ. ನೀವು ಮಾಡಿ ಮುಗಿಸಿ, ಕೆಟ್ಟ ಮೇಲೆ ಕೇಳಿದ್ದೀರಿ. ಅದಕ್ಕೇ ಈ ಸಲ ನಿಮ್ಮ ಪತ್ರ ಆರಿಸಿದ್ದು.

ಇನ್ನು ರಿಪೇರಿ. ಬಿರುಕನ್ನು ಉಳಿಯಿಂದ ಅಗಲ ಮಾಡಿ, ತುಕ್ಕನ್ನು ತಂತಿ ಬ್ರಷ್‌ನಲ್ಲಿ ಪೂರ್ತಿ ಉಜ್ಜಿ, ಚೆನ್ನಾಗಿ ನೀರು ಚಿಮುಕಿಸಿ, ಗಟ್ಟಿ ಗಾರೆ ಒತ್ತಿ ತುಂಬಿ. ಕೈಗವಸು ಹಾಕಿಕೊಳ್ಳಿ, ಹಸಿ ಸಿಮೆಂಟ್ ಚರ್ಮ ಸುಡುತ್ತದೆ. ಕಂಬಿ ತೀರಾ ತಿಂದುಹೋಗಿದ್ದರೆ ಕತ್ತು ಕೊಯ್ದು ಹೊಸದು ಮಾಡುವುದೇ ವಾಸಿ. ಎಣ್ಣೆ ಬಣ್ಣ ಮಾತ್ರ ಬೇಡ. ಹೊಸ ಸಿಮೆಂಟಿನ ಕ್ಷಾರ ಅದನ್ನು ಸಿಪ್ಪೆ ಏಳಿಸುತ್ತದೆ, ಕಂಬಿಯ ತುಕ್ಕೂ ಅದರಿಂದ ನಿಲ್ಲೋದಿಲ್ಲ. ಸುಮ್ನೆ ಹಾಗೇ ಬಿಡಿ, ಪಾಚಿ ತಾನಾಗೇ ಬಂದು ಕೂರುತ್ತದೆ. ಮನೆಯವರ ಫೈಬರ್ ಗೊಂಬೆ ಬಂದರೂ ಬರಲಿ, ಹಿಂದಿನ ಬಾಗಿಲ ಹತ್ತಿರ ಇಡಿಸಿ.