ಚೈನು ತಂತಿಯಲ್ಲ, ಬಿಗಿದು ಕಟ್ಟಬೇಡಿ

ಗೇರಿಲ್ಲದ ಸೈಕಲ್ ಬಗ್ಗೆ ಬರುವ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಚೈನಿನದ್ದೇ. ಅದರಲ್ಲೂ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹಿಂದೆ ಎರಡು ಸಲ ಚಿಕ್ಕದಾಗಿ ಉತ್ತರಿಸಿದ್ದೆ, ಸಾಲಲಿಲ್ಲ ಅನಿಸುತ್ತದೆ. ಈ ಸಲ ಹೆಚ್ಚಿನ ಜಾಗ ಅದಕ್ಕೇ. ನಟ್ಟು ಯಾವ ಕಡೆ ತಿರುಗಿಸಬೇಕು ಅನ್ನುವುದನ್ನೆಲ್ಲ ಹೇಳುತ್ತಾ ಕೂರುವುದಿಲ್ಲ.

ಪ್ರಶ್ನೆ: ಚೈನು ಪದೇ ಪದೇ ಬೀಳುತ್ತಿತ್ತು. ಹಿಂದಿನ ಚಕ್ರ ಎಳೆದು ಫುಲ್ ಟೈಟ್ ಮಾಡಿದೆ. ಈಗ ಪೆಡಲ್ ಒಂದು ಕಡೆ ಬಿಗಿ, ಇನ್ನೊಂದು ಕಡೆ ಹಗುರ. ಕರಕರ ಸದ್ದು ಬೇರೆ. ಚೈನು ಎಷ್ಟು ಟೈಟ್ ಇರಬೇಕು?

ಟೈಟ್ ಇರಲೇಬಾರದು. ಮೊದಲು ಈ ಮಾತು ತಲೆಗೆ ಹೋಗಲಿ. ಬೀಳದಷ್ಟು ಬಿಗಿ, ಎಳೆಯದಷ್ಟು ಸಡಿಲ, ಇಷ್ಟೇ ನಮಗೆ ಬೇಕಾದದ್ದು. ಅಳತೆ ಹೇಳಬೇಕೆಂದರೆ, ಕೆಳಗಿನ ಚೈನಿನ ನಡುಭಾಗ ಮೇಲೆ ಕೆಳಗೆ ಸೇರಿ ಒಟ್ಟು 10ರಿಂದ 15 ಮಿ.ಮೀ. ಆಡಬೇಕು. ಫುಲ್ ಟೈಟ್ ಮಾಡಿದ ಚೈನು ಪೆಡಲ್ ಕಡೆಯ ಬೇರಿಂಗನ್ನೂ ಹಿಂದಿನ ಹಬ್ಬಿನ ಬೇರಿಂಗನ್ನೂ ಒಂದರ ಕಡೆಗೊಂದು ಎಳೆಯುತ್ತಲೇ ಇರುತ್ತದೆ. ನಿಮ್ಮ ಕಾಲಿನ ಶಕ್ತಿ ಅಲ್ಲೇ ಪೋಲಾಗುತ್ತದೆ. ‘ಬಿಗಿ ಚೈನಿದ್ದರೆ ಸ್ಪೀಡು ಜಾಸ್ತಿ’ ಅಂತ ಹೇಳಿಕೊಡುವವರಿದ್ದಾರೆ. ಶುದ್ಧ ಸುಳ್ಳು. ಅಂಥವರ ಕೈಗೆ ಸೈಕಲ್ ಕೊಡಬೇಡಿ.

ಈಗ ನಿಮ್ಮ ನಿಜವಾದ ಸಮಸ್ಯೆಗೆ ಬರುತ್ತೇನೆ. ಒಂದು ಕಡೆ ಬಿಗಿ, ಒಂದು ಕಡೆ ಹಗುರ ಅಂದಿರಲ್ಲ, ಉತ್ತರ ಇರುವುದೇ ಅಲ್ಲಿ. ಪೆಡಲ್ ಜೊತೆ ತಿರುಗುವ ದೊಡ್ಡ ಚೈನ್‌ವೀಲ್ ನೋಡಲು ಗುಂಡಗಿರುತ್ತದೆ, ಆದರೆ ನಟ್ಟನಡುವೆ ಕೂತಿರುವುದು ಅಪರೂಪ. ಕೂದಲೆಳೆಯಷ್ಟಾದರೂ ಆಚೀಚೆ ಇರುತ್ತದೆ. ಅಷ್ಟರಿಂದ ಏನಾಗುತ್ತೆ ಅಂತೀರಾ? ಹಿಂದಿನ ಚಕ್ರದ ಆಕ್ಸಲ್ ಬರೀ 1 ಮಿ.ಮೀ. ಸರಿದರೂ ಚೈನಿನ ಆಟ ಸೆಂಟಿಮೀಟರ್ ಲೆಕ್ಕದಲ್ಲಿ ಬದಲಾಗುತ್ತದೆ, ಚೈನ್‌ವೀಲ್ ಆಚೀಚೆ ಇದ್ದರೂ ಅದೇ ಕತೆ. ಹಾಗಾಗಿ ಚೈನು ಒಂದು ಸುತ್ತಿನಲ್ಲಿ ಒಮ್ಮೆ ಬಿಗಿಯಾಗುತ್ತದೆ, ಒಮ್ಮೆ ಸಡಿಲವಾಗುತ್ತದೆ. ನೀವು ಸಡಿಲ ಇರುವ ಜಾಗದಲ್ಲಿ ನಿಲ್ಲಿಸಿ ಎಳೆದಿದ್ದೀರಿ. ಬಿಗಿಯ ಜಾಗ ಬಂದಾಗ ಚೈನು ತಂತಿಯಾಯಿತು.

ಹಿಂದಿನ ಚಕ್ರ ಎತ್ತಿ, ಪೆಡಲನ್ನು ಕೈಯಲ್ಲಿ ನಿಧಾನಕ್ಕೆ ತಿರುಗಿಸಿ. ಅವಸರ ಬೇಡ. ಒಂದು ಜಾಗದಲ್ಲಿ ಪೆಡಲ್ ಸ್ವಲ್ಪ ತಡೆದು ಮುಂದೆ ಹೋಗುತ್ತದೆ. ಅದು ಕೈಗೆ ಗೊತ್ತಾಗುತ್ತದೆ, ಚೈನು ಸಣ್ಣಗೆ ಗುಂಯ್ ಅನ್ನುವುದು ಕಿವಿಗೂ ಕೇಳುತ್ತದೆ. ಅಲ್ಲಿಗೆ ನಿಲ್ಲಿಸಿ, ಚೈನ್‌ವೀಲಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ. ಅಳೆಯಬೇಕಾದದ್ದು ಅಲ್ಲಿ, ಬೇರೆಲ್ಲೂ ಅಲ್ಲ. ಅಲ್ಲಿ 10 ಮಿ.ಮೀ. ಆಟ ಇದ್ದರೆ ಸಾಕು. ಮಿಕ್ಕ ಕಡೆ ಸ್ವಲ್ಪ ಜಾಸ್ತಿ ಜೋತರೂ ಪರವಾಗಿಲ್ಲ. ವ್ಯತ್ಯಾಸ ತೀರಾ ಹೆಚ್ಚಿದ್ದು, ನಿಮ್ಮ ಚೈನ್‌ವೀಲ್ ಬೋಲ್ಟಿನದ್ದಾಗಿದ್ದರೆ, ಬೋಲ್ಟುಗಳನ್ನು ಚೂರೇ ಚೂರು ಸಡಿಲಿಸಿ. ಬಿಗಿಯ ಜಾಗದಲ್ಲಿ ಚೈನಿನ ಮೇಲೆ ಮರದ ತುಂಡಿನಿಂದ ಮೆಲ್ಲಗೆ ತಟ್ಟಿ. ಚೈನ್‌ವೀಲ್ ತಾನೇ ನಡುವಿಗೆ ಸರಿಯುತ್ತದೆ. ಮತ್ತೆ ಬಿಗಿಸಿ, ಮತ್ತೆ ತಿರುಗಿಸಿ ನೋಡಿ. ಎರಡು ಮೂರು ಸಲ ಮಾಡಬೇಕಾಗಬಹುದು. ರಿವೆಟ್ ಹೊಡೆದ ಚೈನ್‌ವೀಲ್‌ನಲ್ಲಿ ಇದು ಆಗದು, ಬಿಟ್ಟುಬಿಡಿ.

ಇನ್ನು ಚಕ್ರ ಎಳೆಯುವ ರೀತಿ. ಎರಡೂ ನಟ್ಟು ಬಿಚ್ಚಿ, ಚಕ್ರವನ್ನು ಮೈಯೆಲ್ಲ ಬಲ ಹಾಕಿ ಎಳೆದು, ಇನ್ನೊಂದು ಕೈಯಲ್ಲಿ ಸ್ಪ್ಯಾನರ್ ಹುಡುಕುವುದನ್ನು ಎಷ್ಟೋ ಸಲ ನೋಡಿದ್ದೇನೆ. ಬಿಗಿಸುವ ಹೊತ್ತಿಗೆ ಚಕ್ರ ವಾಲಿರುತ್ತದೆ. ಅದು ಬೇಡವೇ ಬೇಡ. ಚಕ್ರವನ್ನು ಹೆಚ್ಚುಕಡಿಮೆ ಜಾಗದಲ್ಲಿಟ್ಟು ಎರಡೂ ನಟ್ಟು ಬಿಗಿಸಿ. ಚೈನು ಸಡಿಲ ಇರಲಿ. ಈಗ ಬಲಗಡೆಯ ನಟ್ಟು ಮಾತ್ರ ಸಡಿಲಿಸಿ, ಪೆಡಲ್ ಹಿಂದೆ ಫ್ರೇಮಿನ ಸಂದಿಯಲ್ಲಿ ಕಾಣುವ ಟೈರನ್ನು ಬಲಕ್ಕೆ ಒತ್ತಿ. ಎಡತುದಿ ಹಿಡಿದಿರುವುದರಿಂದ ಆಕ್ಸಲಿನ ಬಲತುದಿ ಹಿಂದಕ್ಕೆ ಸರಿಯುತ್ತದೆ. ಬಲ ನಟ್ಟು ಬಿಗಿಸಿ. ಆಮೇಲೆ ಎಡ ನಟ್ಟು ಸಡಿಲಿಸಿ, ಟೈರನ್ನು ಫ್ರೇಮಿನ ನಡುವಿಗೆ ತಂದು ಬಿಗಿಸಿ. ಈ ಸಲ ಎಡತುದಿ ಹಿಂದೆ ಬರುತ್ತದೆ. ಹೀಗೆ ಒಂದೊಂದೇ ಹೆಜ್ಜೆ ಹಾಕಿಸುತ್ತಾ ಚಕ್ರವನ್ನು ಹಿಂದೆ ನಡೆಸಬೇಕು. ಬಲ ಬೇಕಾಗಿಲ್ಲ, ತಾಳ್ಮೆ ಬೇಕು. ಕೊನೆಗೆ ಎರಡೂ ನಟ್ಟು ಗಟ್ಟಿಯಾಗಿ ಬಿಗಿಸಿ. ನಟ್ಟಿನ ಕೆಳಗೆ ವಾಶರ್ ಇರಲೇಬೇಕು, ಇಲ್ಲದಿದ್ದರೆ ಹತ್ತು ಸಲ ಜೋರಾಗಿ ತುಳಿಯುವುದರೊಳಗೆ ಬಲತುದಿ ಮುಂದೆ ಜಾರುತ್ತದೆ.

ಚಕ್ರ ಸರಿದರೆ ರಿಮ್ಮೂ ಸರಿಯುತ್ತದೆ. ಬ್ರೇಕ್ ಕಟ್ಟೆಗಳು ರಿಮ್ಮಿಗೇ ಕೂರುತ್ತಿವೆಯೋ ಟೈರಿಗೆ ತಾಗುತ್ತಿವೆಯೋ ನೋಡದೆ ರಸ್ತೆಗೆ ಇಳಿಯಬೇಡಿ.

ಬೆರಳಿನ ಬಗ್ಗೆ ಒಂದು ಮಾತು, ಇದನ್ನು ಯಾರೂ ಹಗುರವಾಗಿ ತಗೋಬೇಡಿ. ತಿರುಗುತ್ತಿರುವ ಚೈನನ್ನು ಬಟ್ಟೆ ಹಿಡಿದು ಒರೆಸುವ ಅಭ್ಯಾಸ ಇವತ್ತೇ ಬಿಡಿ. ಚೈನಿಗೂ ಹಲ್ಲಿಗೂ ನಡುವೆ ಸಿಕ್ಕಿದರೆ ಬೆರಳಿನ ತುದಿಯೇ ಹೋಗುತ್ತದೆ. ಪೆಡಲ್ ನಿಲ್ಲದೆ ಚಕ್ರದ ಜೊತೆಗೇ ತಿರುಗುವ ಫಿಕ್ಸಿ ಸೈಕಲಿನಲ್ಲಂತೂ ಕೈ ಹಿಂದೆಳೆಯಲು ಪುರುಸೊತ್ತೇ ಸಿಗುವುದಿಲ್ಲ. ಆಟ ನೋಡುವಾಗ ನಾನು ಈಗಲೂ ಬೆರಳು ಹಾಕುವುದಿಲ್ಲ, ಸ್ಪ್ಯಾನರ್ ಹಿಡಿಯಿಂದಲೇ ಚೈನನ್ನು ಎತ್ತಿ ನೋಡುತ್ತೇನೆ.

ಪ್ರಶ್ನೆ: ಚೈನು ಹಿಗ್ಗಿದೆ. ಒಂದು ಕೊಂಡಿ ಕತ್ತರಿಸಿ ಹಾಕಿದರೆ ಸಾಕು ಅಂದರು. ಸರಿಯಾ?

ತಪ್ಪು. ಉಕ್ಕು ಹಿಗ್ಗುವುದಿಲ್ಲ, ಒಳಗಿನ ಪಿನ್ನುಗಳು ಸವೆಯುತ್ತವೆ. ಸವೆದ ಚೈನು ಗಿಡ್ಡ ಮಾಡಿದರೂ ಸವೆದದ್ದೇ. ಸ್ಕೇಲ್ ಹಿಡಿದು ನೋಡಿ: ಒಂದು ಪಿನ್ನಿನ ನಡುವಿನಿಂದ 24 ಪಿನ್ನು ಆಚೆಗೆ, ಹೊಸ ಚೈನಿನಲ್ಲಿ 304.8 ಮಿ.ಮೀ. ಇರುತ್ತದೆ. 308 ಆಗಿದ್ದರೆ ಚೈನು ಬಿಸಾಕಿ, ಹಲ್ಲುಗಳನ್ನೂ ನೋಡಿ.

ಪ್ರಶ್ನೆ: ಹಿಂದಕ್ಕೆ ತುಳಿದರೆ ಬ್ರೇಕ್ ಹಿಡಿಯುವ ಸೈಕಲ್ ನಂದು. ಚೈನು ಬಿಗಿ ಇಡಲು ಸ್ಪ್ರಿಂಗ್ ಟೆನ್ಷನರ್ ಹಾಕಿಸಲಾ?

ಬೇಡ! ಹಿಂದಕ್ಕೆ ತುಳಿದಾಗ ಎಳೆತ ಬೀಳುವುದು ಕೆಳಗಿನ ಚೈನಿಗೆ, ಸ್ಪ್ರಿಂಗ್ ಇರುವುದೂ ಅಲ್ಲೇ. ಬ್ರೇಕ್ ಹಿಡಿಯುವ ಬದಲು ಸ್ಪ್ರಿಂಗ್ ಮಣಿಯುತ್ತದೆ, ಮುರಿದರೂ ಮುರಿಯಬಹುದು. ನಿಮ್ಮ ಸೈಕಲಿನಲ್ಲಿ ಚೈನು ಬಿದ್ದರೆ ಆ ಬ್ರೇಕೇ ಇಲ್ಲ ಅನ್ನುವುದು ನೆನಪಿರಲಿ. ಮುಂದಿನ ಚಕ್ರಕ್ಕೆ ಕೈಬ್ರೇಕ್ ಇಲ್ಲದಿದ್ದರೆ ಮೊದಲು ಅದನ್ನು ಹಾಕಿಸಿ. ಚಕ್ರ ಸರಿಸುವಾಗ ಎಡಗಡೆ ಹಬ್ಬಿನಿಂದ ಫ್ರೇಮಿಗೆ ಹೋಗುವ ಕಬ್ಬಿಣದ ಪಟ್ಟಿಯ ಕ್ಲಿಪ್ಪನ್ನು ಸಡಿಲಿಸಿರುತ್ತೀರಿ, ಅದನ್ನು ಮತ್ತೆ ಬಿಗಿಸಲು ಮರೆಯಬೇಡಿ.

ಪ್ರಶ್ನೆ: ಚೈನಿಗೆ ಅಡುಗೆ ಎಣ್ಣೆ ಬಿಡಬಹುದಾ?

ಬಿಡಬೇಡಿ, ಅಂಟಾಗಿ ಧೂಳು ಹಿಡಿಯುತ್ತದೆ.

ಪ್ರಶ್ನೆ: ಚೈನಿನ ಎರಡು ತುದಿ ಸೇರಿಸುವ ಲಾಕಿನ ಸ್ಪ್ರಿಂಗ್ ಕ್ಲಿಪ್ ಯಾವ ಕಡೆಗಿರಬೇಕು?

ಮುಚ್ಚಿದ ತುದಿ ಚೈನು ಓಡುವ ದಿಕ್ಕಿಗೆ, ಸೀಳಿರುವ ತುದಿ ಹಿಂದಕ್ಕೆ.