30 ವರ್ಷ ಹಳೆಯ ಜೀಪನ್ನು ಮನೆಯಲ್ಲೇ ನೋಡಿಕೊಳ್ಳಬಹುದಾ?

ನಿಮ್ಮ ಹತ್ತಿರ ಇರೋದು 1994ರ ಮಹೀಂದ್ರ ಎಂಎಂ 540, ಮೂರು ಲಕ್ಷ ಕಿಲೋಮೀಟರ್ ದಾಟಿದೆ. ಬೆಳಗ್ಗೆ ಹೊತ್ತು ಸ್ಟಾರ್ಟ್ ಆಗೋಕೆ ಸತಾಯಿಸುತ್ತೆ. 50ರ ಸ್ಪೀಡಲ್ಲಿ ಗುಂಡಿಗೆ ಬಿದ್ದರೆ ಸ್ಟೀರಿಂಗ್ ಕೈ ಕಿತ್ತುಹೋಗೋ ಹಾಗೆ ಅದುರುತ್ತೆ. ಗ್ಯಾರೇಜಿನವರು ಎಂಜಿನ್ ಇಳಿಸಬೇಕು (ಹೊರಗೆ ತೆಗೆದು ಪೂರ್ತಿ ಬಿಚ್ಚಿ ಕಟ್ಟಬೇಕು) ಅಂದಿದ್ದಾರೆ, ಮನೆಯಲ್ಲೇ ಏನಾದರೂ ಮಾಡಬಹುದಾ ಅಂತ ಕೇಳಿದ್ದೀರಿ. ಮಾಡಬಹುದು. ಎಂಜಿನ್ ಮಾತ್ರ ಈಗಲೇ ಇಳಿಸೋಕೆ ಬಿಡಬೇಡಿ.

ನಾನಿರೋದು ಸಕಲೇಶಪುರದ ಕಡೆ. ಇದೇ ಮಾಡೆಲಿನ ಗಾಡಿಯನ್ನು ಹದಿನಾಲ್ಕು ವರ್ಷದಿಂದ ತೋಟದ ಕೆಲಸಕ್ಕೆ ಇಟ್ಟುಕೊಂಡಿದ್ದೇನೆ. ಗೊಬ್ಬರ, ಕಾಫಿ ಚೀಲ, ಮಳೆಗಾಲದಲ್ಲಿ ಮಕ್ಕಳನ್ನು ಶಾಲೆ ಬಸ್ಸಿನವರೆಗೆ ಬಿಡೋದು, ಎಲ್ಲ ಇದರಲ್ಲೇ. ತಗೊಂಡ ಮೊದಲ ವರ್ಷ ನನಗೂ ನಿಮ್ಮದೇ ತೊಂದರೆ ಇತ್ತು. ಒಬ್ಬ ಮೆಕ್ಯಾನಿಕ್ ಬ್ಯಾಟರಿ ಬದಲಿಸಿದರು, ಇನ್ನೊಬ್ಬರು ಸೆಲ್ಫ್ ಮೋಟರ್ ಬಿಚ್ಚಿ ಕಟ್ಟಿದರು, ಮೂರನೆಯವರು ಡೀಸೆಲ್ ಚಿಮ್ಮಿಸೋ ನಾಲ್ಕೂ ನಾಜಲ್ ಹೊಸದು ಹಾಕಿದರು. ಕೊನೆಗೆ ತಪ್ಪು ಸಿಕ್ಕಿದ್ದು ಡೀಸೆಲ್ ಫಿಲ್ಟರಿನ ಬೋಲ್ಟಿನ ಕೆಳಗಿದ್ದ ಒಂದು ತಾಮ್ರದ ವಾಷರಿನಲ್ಲಿ. ಟಾರ್ಚ್ ಬೆಳಕಿಗೆ ಓರೆಯಾಗಿ ಹಿಡಿದಾಗ, ಕೂದಲೆಳೆಯಷ್ಟು ಒಂದು ಗೀರು ಒಳಗಿನ ಅಂಚಿಂದ ಹೊರಗಿನ ಅಂಚಿಗೆ ಹೋಗಿದ್ದು ಕಾಣಿಸ್ತು. ಅದಕ್ಕೇ ಹೇಳ್ತಿದ್ದೇನೆ, ಏನನ್ನೂ ಬದಲಿಸೋ ಮೊದಲು ತಪ್ಪು ಎಲ್ಲಿಲ್ಲ ಅನ್ನೋದನ್ನು ಒಂದೊಂದಾಗಿ ಖಚಿತ ಮಾಡಿಕೊಳ್ಳಿ. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನೂ ತಾರೀಖು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ.

ನಿಮ್ಮ ಗಾಡಿಯಲ್ಲಿ ಮೊದಲಿನ ಎಂಜಿನ್ನೇ ಇದ್ದರೆ ಅದು ಪ್ಯೂಜೋ ಎಕ್ಸ್‌ಡಿಪಿ 4.90: ನಾಲ್ಕು ಸಿಲಿಂಡರ್, 90 ಮಿಲಿಮೀಟರ್ ಬೋರ್, 2112 ಸಿಸಿ. ಡೀಸೆಲ್ ನೇರವಾಗಿ ಪಿಸ್ಟನ್ ಮೇಲೆ ಬೀಳದೆ ಪಕ್ಕದ ಸಣ್ಣ ಕೋಣೆಯಲ್ಲಿ ಹೊತ್ತಿಕೊಳ್ಳೋ ಜಾತಿ ಇದು. ಹಾಗಾಗಿ ಚಳಿಯಲ್ಲಿ ಆ ಕೋಣೆಯನ್ನು ಕರೆಂಟಿನಿಂದ ಕಾಯಿಸೋ ಹೀಟರ್ ಪ್ಲಗ್ ಕೆಲಸ ಮಾಡದಿದ್ದರೆ ಎಂಜಿನ್ ಎಷ್ಟೇ ಚೆನ್ನಾಗಿದ್ದರೂ ಹಟ ಮಾಡುತ್ತೆ.

ನಾಳೆ ಬೆಳಗ್ಗೆ ಸೆಲ್ಫ್ ಹೊಡೆಯುವಾಗ ಒಬ್ಬರನ್ನು ಸೈಲೆನ್ಸರ್ ಹತ್ತಿರ ನಿಲ್ಲಿಸಿ. ಡೀಸೆಲ್ ವಾಸನೆಯ ಬಿಳಿ ಹೊಗೆ ಬರ್ತಿದೆಯಾ, ಅಥವಾ ಹೊಗೆಯೇ ಇಲ್ಲವಾ? ಬಿಳಿ ಹೊಗೆ ಬಂದರೆ ಡೀಸೆಲ್ ಒಳಗೆ ಹೋಗ್ತಿದೆ, ಹೊತ್ತಿಕೊಳ್ತಿಲ್ಲ. ಆಗ ಹೀಟರ್ ನೋಡಬೇಕು, ಎಂಜಿನ್ ತಿರುಗೋ ವೇಗ ನೋಡಬೇಕು, ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ವಿಷಯ ಕೊನೆಗೆ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ಲೇ ಬರ್ತಿಲ್ಲ. ಅಂದರೆ ಬಹುಶಃ ರಾತ್ರಿ ನಿಂತಲ್ಲೇ ಡೀಸೆಲ್ ಲೈನು ಏರ್ ಹಿಡಿದಿದೆ.

ಹೀಟರಿಗೆ, ನಾಲ್ಕಕ್ಕೂ ಕರೆಂಟ್ ಹಂಚುವ ಪಟ್ಟಿಯನ್ನು ಬಿಚ್ಚಿ. ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಬ್ಯಾಟರಿ ಪ್ಲಸ್ಸಿಗೆ ಸಿಕ್ಕಿಸಿ, ಇನ್ನೊಂದನ್ನು ಒಂದೊಂದೇ ಪ್ಲಗ್ಗಿನ ತುದಿಗೆ ಮುಟ್ಟಿಸಿ. ಲ್ಯಾಂಪ್ ಹತ್ತದಿದ್ದರೆ ಆ ಪ್ಲಗ್ ಸತ್ತಿದೆ. ನಾಲ್ಕರಲ್ಲಿ ಎರಡು ಹೋಗಿದ್ದರೂ ಡಿಸೆಂಬರ್ ಬೆಳಗಲ್ಲಿ ಗಾಡಿ ಸುಲಭಕ್ಕೆ ಮಾತು ಕೇಳೋದಿಲ್ಲ. ನಾಲ್ಕೂ ಚೆನ್ನಾಗಿದ್ದರೆ, ಸ್ವಿಚ್ ಹಾಕಿದಾಗ ಆ ಪಟ್ಟಿಗೆ ಕರೆಂಟ್ ಬರ್ತಿದೆಯಾ ಅಂತ ನೋಡಿ.

ಆಮೇಲೆ ಅರ್ಥಿಂಗ್. ಮಲ್ಟಿಮೀಟರಿನ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬಕ್ಕೆ, ಇನ್ನೊಂದು ಎಂಜಿನ್ನಿನ ಬರಿ ಲೋಹಕ್ಕೆ ಹಿಡಿದು ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಅರ್ಥ್ ಪಟ್ಟಿ ತುಕ್ಕು ಹಿಡಿದಿದೆ. ನಮ್ಮ ಕಡೆಯ ಮಳೆಗೆ ಇದು ತುಂಬಾ ಮಾಮೂಲಿ, ಆದರೂ ನೋಡೋರು ಕಡಿಮೆ. ಪಟ್ಟಿ ಬಿಚ್ಚಿ, ಎರಡೂ ಕಡೆ ಉಜ್ಜಿ, ಗಟ್ಟಿ ಕಟ್ಟಿದರೆ ಹಳೇ ಬ್ಯಾಟರಿಯೇ ಎಂಜಿನ್ನನ್ನು ಜೋರಾಗಿ ತಿರುಗಿಸುತ್ತೆ.

ಏರ್ ಹಿಡಿಯೋ ತೊಂದರೆಯಾದರೆ ಒಂದು ಐದು ಲೀಟರ್ ಕ್ಯಾನು, ಎರಡು ಮೀಟರ್ ಡೀಸೆಲ್ ತಡೆಯೋ ಪಾರದರ್ಶಕ ಪೈಪು ತಗೊಳ್ಳಿ. ಟ್ಯಾಂಕಿಂದ ಫೀಡ್ ಪಂಪಿಗೆ (ಡೀಸೆಲ್ ಎಳೆದು ಕೊಡೋ ಸಣ್ಣ ಪಂಪು) ಬರೋ ಪೈಪನ್ನು ಪಂಪಿನ ಹತ್ತಿರ ಕಳಚಿ, ಅಲ್ಲಿಗೆ ಕ್ಯಾನಿನ ಪೈಪ್ ಕೊಡಿ. ಕ್ಯಾನನ್ನು ಬಾನೆಟ್ಟಿಗಿಂತ ಮೇಲೆ ಭದ್ರವಾಗಿ ಕಟ್ಟಿ, ಏರ್ ತೆಗೆದು ಸ್ಟಾರ್ಟ್ ಮಾಡಿ, ಆಫ್ ಮಾಡಿ ಹಾಗೇ ರಾತ್ರಿ ಬಿಡಿ. ಬೆಳಗ್ಗೆ ಒಂದೇ ಸಲಕ್ಕೆ ಸ್ಟಾರ್ಟ್ ಆಯ್ತೋ, ತಪ್ಪು ಟ್ಯಾಂಕಿನಿಂದ ಪಂಪಿನವರೆಗಿನ ಪೈಪಿನಲ್ಲಿದೆ. ಚಾಸಿ ಪಕ್ಕ ಕ್ಲಿಪ್ಪಿನ ಕೆಳಗೆ ತುಕ್ಕು ತಿಂದಿರುತ್ತೆ, ಇಲ್ಲವೇ ರಬ್ಬರ್ ತುಂಡು ಬಿರಿದಿರುತ್ತೆ. ಇನ್ನೂ ಸತಾಯಿಸಿದರೆ ಪಂಪು, ಫಿಲ್ಟರಿನ ಸುತ್ತ ಕೈ ಆಡಿಸಿ. ಕ್ಯಾನು ಮೇಲಿರೋದರಿಂದ, ಗಾಳಿ ಎಳೀತಿದ್ದ ಜಾಗದಲ್ಲಿ ಈಗ ಡೀಸೆಲ್ ಜಿನುಗುತ್ತೆ, ಬೆರಳಿಗೇ ಸಿಗುತ್ತೆ. ನನ್ನ ವಾಷರ್ ಸಿಕ್ಕಿದ್ದು ಹೀಗೆ. ತಾಮ್ರದ ವಾಷರ್ ಹೊಸದು ಸಿಗದಿದ್ದರೆ ಹಳೆಯದನ್ನೇ ಗ್ಯಾಸ್ ಒಲೆಯಲ್ಲಿ ಕೆಂಪಗೆ ಕಾಯಿಸಿ ನೀರಿಗೆ ಹಾಕಿ. ತಾಮ್ರ ಮತ್ತೆ ಮೆತ್ತಗಾಗಿ ಕೂತ್ಕೊಳ್ಳುತ್ತೆ. ಕಾಯಿಸೋ ಮೊದಲು ಡೀಸೆಲ್ ಪೂರ್ತಿ ಒರೆಸಿ, ಗೀರು ಬಿದ್ದಿದ್ದನ್ನು ಮಾತ್ರ ಎಸೆದುಬಿಡಿ.

ಎಂಜಿನ್ ಇಳಿಸಬೇಕಾ ಅನ್ನೋದಕ್ಕೆ: ಗಾಡಿ ಬಿಸಿಯಾದ ಮೇಲೆ ಆಯಿಲ್ ಹಾಕೋ ಮುಚ್ಚಳ ತೆಗೆದು ನೋಡಿ. ಸ್ವಲ್ಪ ಉಗಿ ಈ ವಯಸ್ಸಿಗೆ ಸಹಜ. ದಪ್ಪ ಹೊಗೆ ಬುಸುಬುಸು ಅಂತ ನುಗ್ಗಿ ಬರ್ತಿದ್ದರೆ ಅದು ಮೆಕ್ಯಾನಿಕ್‌ಗಳು ಹೇಳೋ ‘ಬ್ಯಾಕ್ ಕಂಪ್ರೆಷನ್’, ಅಂದರೆ ಸವೆದ ಪಿಸ್ಟನ್ ರಿಂಗ್ ದಾಟಿ ಒತ್ತಡ ಕೆಳಗೆ ಸೋರೋದು. ಅದಿಲ್ಲದೆ, ಸಾವಿರ ಕಿಲೋಮೀಟರಿಗೆ ಒಂದು ಲೀಟರಿಗಿಂತ ಕಡಿಮೆ ಆಯಿಲ್ ಕುಡಿದು, ಚಾರ್ಮಾಡಿಯನ್ನು ನೀಲಿ ಹೊಗೆ ಬಿಡದೆ ಹತ್ತುತ್ತಿದ್ದರೆ ನಾನಂತೂ ಆ ಎಂಜಿನ್ ಮುಟ್ಟೋದಿಲ್ಲ.

ಇನ್ನು ಸ್ಟೀರಿಂಗ್. ಇದು ಜೀವಕ್ಕೆ ಸಂಬಂಧಪಟ್ಟದ್ದು, ಸ್ಟಾರ್ಟಿಂಗ್ ತೊಂದರೆಗಿಂತ ಮೊದಲು ಇದನ್ನೇ ಮಾಡಿ. ಕೆಳಗೆ ಮಲಗೋ ಮೊದಲು ಒಂದು ಮಾತು. ಹಳೇ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ ಚಕ್ರದಲ್ಲಿರೋದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಮುಂದಿನ, ಹಿಂದಿನ ಆಕ್ಸಲ್‌ಗಳಿಗೆ ಶಕ್ತಿ ಹಂಚೋ ಪೆಟ್ಟಿಗೆ) ಹಿಂದೆ ಇದ್ದು, ಆಕ್ಸಲ್ಲಿಗೆ ಹೋಗೋ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತೆ. ಹಿಂದಿನ ಒಂದು ಚಕ್ರ ಜಾಕಿನ ಮೇಲೆ ಎದ್ದರೆ, ಶಾಫ್ಟ್ ನಿಂತಿದ್ದರೂ ಡಿಫರೆನ್ಷಿಯಲ್ (ಎರಡೂ ಚಕ್ರ ಬೇರೆ ಬೇರೆ ತಿರುಗೋಕೆ ಬಿಡೋ ಗೇರು) ಇರೋದರಿಂದ ಎತ್ತಿದ ಚಕ್ರ ಒಂದು ಕಡೆ, ನೆಲದ ಚಕ್ರ ಇನ್ನೊಂದು ಕಡೆ ತಿರುಗಬಹುದು. ಅಂದರೆ ಹ್ಯಾಂಡ್‌ಬ್ರೇಕ್ ಎಳೆದಿದ್ದರೂ ಗಾಡಿ ಉರುಳುತ್ತೆ. ಗೇರಲ್ಲಿ ನಿಲ್ಲಿಸಿದ್ದರೂ ಅಷ್ಟೇ. ಸಮತಟ್ಟಾದ ನೆಲ, ಕೆಳಗಿರೋ ಚಕ್ರಗಳಿಗೆ ಹಿಂದೆ ಮುಂದೆ ಕಲ್ಲು, ಚಾಸಿಯ ಕೆಳಗೆ ಸ್ಟ್ಯಾಂಡು. ಬರೀ ಜಾಕನ್ನು ನಂಬಿ ಕೆಳಗೆ ನುಗ್ಗಬೇಡಿ.

ಮೊದಲು ಗಾಡಿ ನೆಲದ ಮೇಲಿದ್ದಾಗಲೇ ಒಬ್ಬರು ಸ್ಟೀರಿಂಗನ್ನು ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಲಿ, ನೀವು ಕೆಳಗಿಂದ ನೋಡಿ. ಟೈ ರಾಡ್ (ಎರಡು ಚಕ್ರಗಳನ್ನು ಜೋಡಿಸೋ ಕಂಬಿ) ಎಂಡ್, ಡ್ರ್ಯಾಗ್ ಲಿಂಕ್ (ಸ್ಟೀರಿಂಗಿಂದ ಚಕ್ರಕ್ಕೆ ಹೋಗೋ ಕಂಬಿ), ಸ್ಟೀರಿಂಗ್ ಬಾಕ್ಸಿನ ಚಾಸಿ ಬೋಲ್ಟು, ಸ್ಪ್ರಿಂಗ್ ಪ್ಲೇಟಿನ ಬುಷ್, ಯು ಬೋಲ್ಟು: ಎಲ್ಲಿ ಮೊದಲು ಅಲುಗಿ ಆಮೇಲೆ ಚಕ್ರಕ್ಕೆ ಚಲನೆ ಹೋಗುತ್ತೋ ಅಲ್ಲಿ ಸವೆದಿದೆ. ನಂತರ ಮುಂದಿನ ಚಕ್ರ ಎತ್ತಿ, ಮೇಲೆ ಒಂದು ಕೈ ಕೆಳಗೆ ಒಂದು ಕೈ ಹಿಡಿದು ಅಲ್ಲಾಡಿಸಿ. ಪ್ಲೇ (ಸಡಿಲ) ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯೋಕೆ ಹೇಳಿ, ಮತ್ತೆ ಅಲ್ಲಾಡಿಸಿ. ಈಗ ಪ್ಲೇ ಮಾಯವಾದರೆ ಅದು ವೀಲ್ ಬೇರಿಂಗ್. ಹಾಗೇ ಉಳಿದರೆ ಕಿಂಗ್‌ಪಿನ್ ಬೇರಿಂಗ್, ಅಂದರೆ ಚಕ್ರ ಎಡಕ್ಕೆ ಬಲಕ್ಕೆ ಹೊರಳೋ ಕೀಲಿನದು. ಬ್ರೇಕ್ ಒತ್ತಿದಾಗ ಡ್ರಮ್ಮು ಮತ್ತು ನಕ್‌ಲ್ (ಆ ಕೀಲಿನ ಮೇಲೆ ಹೊರಳೋ, ಚಕ್ರ ಕೂರೋ ತುಂಡು) ಒಂದೇ ತುಂಡಿನ ಹಾಗೆ ಆಗೋದರಿಂದ ಇದು ಗೊತ್ತಾಗುತ್ತೆ.

ಗುಂಡಿಗೆ ಬಿದ್ದಾಗ ಶುರುವಾಗಿ ಗಾಡಿ ನಿಧಾನ ಮಾಡೋವರೆಗೂ ನಿಲ್ಲದ ನಡುಕ ಅಂದರೆ ನನ್ನ ಅನುಮಾನ ಕಿಂಗ್‌ಪಿನ್ ಮೇಲೆಯೇ. ನನ್ನದರಲ್ಲಿ ಬಲಗಡೆ ಕೆಳಗಿನ ಬೇರಿಂಗ್ ಬಿಚ್ಚಿದಾಗ ಗ್ರೀಸೇ ಇರಲಿಲ್ಲ, ಕೆಂಪು ಹುಡಿ ಮಾತ್ರ ಇತ್ತು. ರೋಲರುಗಳು ಒಂದೇ ಜಾಗದಲ್ಲಿ ಕೂತು ಕಪ್ಪಿನಲ್ಲಿ ಸಾಲಾಗಿ ಗುಳಿ ಮಾಡಿದ್ದವು. ಹೊಸ ಬೇರಿಂಗ್ ಹಾಕುವಾಗ ಮೇಲಿನ ಕ್ಯಾಪಿನ ಕೆಳಗಿನ ಶಿಮ್ (ತೆಳು ತಗಡು) ಒಂದೊಂದೇ ತೆಗೆದು ಬಿಗಿ ನೋಡಬೇಕು. ನಾನು ಮೆಣಸು ತೂಗೋ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಟೈ ರಾಡ್ ತೂತಿಗೆ ಹಾಕಿ ಎಳೆದು, ಎರಡೂ ಕಡೆ ಒಂದೇ ಸಮ ಬರೋ ಹಾಗೆ ಮಾಡಿದೆ. ಎಷ್ಟು ತೂಕ ಬರಬೇಕು ಅನ್ನೋದು ಸರ್ವಿಸ್ ಮ್ಯಾನುವಲ್ಲಿನಲ್ಲಿದೆ. ಫೆಲ್ಟ್ ಸೀಲ್ ಹಾಕೋ ಮೊದಲೇ ತೂಗಿ, ಇಲ್ಲದಿದ್ದರೆ ಸೀಲಿನ ಬಿಗಿಯನ್ನೇ ಬೇರಿಂಗಿನ ಬಿಗಿ ಅಂದುಕೊಳ್ತೀರಿ. ಗಾಡಿ ಎತ್ತರ ಕಾಣಲಿ ಅಂತ ಹಿಂದಿನ ಮಾಲೀಕರು ಶ್ಯಾಕಲ್ (ಸ್ಪ್ರಿಂಗ್ ಪ್ಲೇಟಿನ ತುದಿಯನ್ನು ಚಾಸಿಗೆ ಜೋಡಿಸೋ ಕೊಂಡಿ) ಉದ್ದ ಮಾಡಿಸಿದ್ದರೆ ಅದನ್ನು ಮೊದಲಿನ ಅಳತೆಗೆ ತನ್ನಿ. ಆಕ್ಸಲ್ ವಾಲೋ ಕೋನ ಬದಲಾದರೆ ಹೊಸ ಬೇರಿಂಗ್ ಇದ್ದರೂ ನಡುಕ ನಿಲ್ಲದೇ ಇರಬಹುದು.

ತೋಟದ ಹಳ್ಳ ದಾಟೋದಿದ್ದರೆ ಆಕ್ಸಲ್ ಮೇಲಿನ ಬ್ರೀದರ್ (ಗಾಳಿ ಆಡೋ ಸಣ್ಣ ದಾರಿ) ಬಿಚ್ಚಿ ಊದಿ ನೋಡಿ. ಬಿಸಿ ಆಕ್ಸಲ್ ತಣ್ಣನೆ ನೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತೆ. ಬ್ರೀದರ್ ಕಟ್ಟಿದ್ದರೆ ಅದು ಸೀಲಿನ ಸಂದಿಯಿಂದ ನೀರು ಎಳ್ಕೊಳ್ಳುತ್ತೆ. ರಾತ್ರಿಯಿಡೀ ನಿಂತ ಮೇಲೆ ಬೆಳಗ್ಗೆ ಆಕ್ಸಲ್ಲಿನ ಡ್ರೈನ್ ಪ್ಲಗ್ ಸ್ವಲ್ಪ ಸಡಿಲಿಸಿ. ನೀರಿದ್ದರೆ ಅದೇ ಮೊದಲು ಬರುತ್ತೆ. ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಪೂರ್ತಿ ಬದಲಿಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಾನು ಪ್ರತಿ ಭಾನುವಾರ ಯು.ಜೆ. ಕ್ರಾಸಿಗೆ (ಪ್ರೊಪೆಲ್ಲರ್ ಶಾಫ್ಟಿನ ತುದಿಯ ಕೀಲು) ಗ್ರೀಸ್ ಹೊಡೀತೀನಿ, ನಾಲ್ಕೂ ಕಪ್ಪಿಂದ ಹೊಸ ಗ್ರೀಸ್ ಹೊರಗೆ ಕಾಣೋವರೆಗೆ. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಬೇಡಿ. ಹಾಕಿ ಲಿವರ್ ಸಿಕ್ಕಿಕೊಂಡಿದ್ದರೆ ನಾಲ್ಕು ಅಡಿ ರಿವರ್ಸ್ ತಗೊಳ್ಳಿ, ಬಿಡುತ್ತೆ.

ಇಂಜೆಕ್ಷನ್ ಪಂಪ್ (ನಾಜಲ್‌ಗಳಿಗೆ ಡೀಸೆಲ್ ಒತ್ತಿ ಕಳಿಸೋ ಪಂಪು) ಮತ್ತು ಕ್ರೌನ್ ಪಿನಿಯನ್ (ಆಕ್ಸಲ್ ಒಳಗಿನ ಗೇರುಗಳು) ಮಾತ್ರ ಮನೆಯಲ್ಲಿ ಬಿಚ್ಚಬೇಡಿ. ಪಂಪಿಗೆ ಟೆಸ್ಟ್ ಬೆಂಚ್ ಬೇಕು, ಪಿನಿಯನ್ ಕೂರಿಸೋಕೆ ಅಳತೆಯ ಸಾಮಾನು ಬೇಕು.

ಬೆಳಗ್ಗೆ ಹೊಗೆ ಬಂತಾ ಇಲ್ಲವಾ, ಬ್ರೇಕ್ ಒತ್ತಿದಾಗ ಚಕ್ರದ ಪ್ಲೇ ಹೋಯಿತಾ ಉಳಿಯಿತಾ, ಇವೆರಡನ್ನು ನೋಡಿ ಇಲ್ಲೇ ಬರೆಯಿರಿ. ಮುಂದೆ ಏನು ಬಿಚ್ಚಬೇಕು ಅಂತ ಅದನ್ನು ನೋಡಿ ಹೇಳ್ತೀನಿ. ಅಲ್ಲಿಯವರೆಗೆ ಗಾಡಿಯನ್ನು 40ರ ಮೇಲೆ ಓಡಿಸಬೇಡಿ, ಘಾಟಿಯಂತೂ ಇಳಿಸಲೇಬೇಡಿ.