ಮನೆ ಹಿಡಿಯುವ ಮುಂಚೆ ಕೌನ್ಸಿಲ್ ಯಾವುದು ಅಂತ ನೋಡಿ

ಬರ್ಮಿಂಗ್‌ಹ್ಯಾಮ್ ಹತ್ತಿರ ಕೆಲಸ ಸಿಕ್ಕಿದೆ, ಮುಂದಿನ ತಿಂಗಳು ಬಸವನಗುಡಿಯಿಂದ ಹೊರಡುತ್ತೇನೆ, ಈ ಕೌನ್ಸಿಲ್ ಟ್ಯಾಕ್ಸ್ ಏನು, ಅಷ್ಟು ದುಡ್ಡಿಗೆ ಏನು ಸಿಗುತ್ತದೆ ಅಂತ ಕೇಳಿದ್ದೀರಿ. ಚಳಿ, ಸೊಪ್ಪು, ತರಕಾರಿ ವಿಷಯ ಬಂದ ಮೇಲೆ ತಾನಾಗೇ ಗೊತ್ತಾಗುತ್ತದೆ. ಜಾಕೆಟ್ ಇಲ್ಲೇ ಕೊಳ್ಳಿ.

ಕೌನ್ಸಿಲ್ ಅಂದರೆ ಇಲ್ಲಿನ ಕಾರ್ಪೊರೇಷನ್. ಅದಕ್ಕೆ ಕಟ್ಟುವ ಈ ಟ್ಯಾಕ್ಸ್ ನಮ್ಮ ಮನೆ ಕಂದಾಯದ ಹಾಗೆಯೇ, ಆದರೆ ಬಾಡಿಗೆಗೆ ಇರುವವರೇ ಕಟ್ಟಬೇಕು. ಒಬ್ಬರೇ ಇದ್ದರೆ 25% ಕಡಿಮೆ. ಬಡವರಿಗೆ ಕೊಡುವ ರಿಯಾಯಿತಿಗೆ ಮಾತ್ರ ಅರ್ಜಿ ಹಾಕಬೇಡಿ. ಕೆಲಸದ ವೀಸಾದವರಿಗೆ ಸರ್ಕಾರಿ ನೆರವು ಪಡೆಯುವ ಹಾಗಿಲ್ಲ, ಇದೂ ಆ ಲೆಕ್ಕಕ್ಕೆ ಬರುತ್ತದೆ.

ನಾನು 2009ರಲ್ಲಿ ಬಂದಾಗ ನಮ್ಮ ಬೀದಿ ತುದಿಯಲ್ಲೇ ಕೌನ್ಸಿಲ್ಲಿನ ಮಕ್ಕಳ ಕೇಂದ್ರ ಇತ್ತು. ಪಕ್ಕದ ಮನೆಯ ಹುಡುಗಿ, ಒಂಟಿ ತಾಯಿ, ಅಲ್ಲಿ ಹೀಟರ್ ಪಕ್ಕ ಕೂತು ಮಗುವಿಗೆ ತಿನ್ನಿಸುತ್ತಿದ್ದಳು. ಅಲ್ಲಿಯವರೇ ಅವಳ ಅರ್ಜಿಗಳನ್ನೂ ತುಂಬಿಕೊಡುತ್ತಿದ್ದರು. ಕೆಲವು ವರ್ಷದಲ್ಲಿ ಅದು ಮುಚ್ಚಿತು.

2010ರ ನಂತರ ಇಲ್ಲಿನ ಕೇಂದ್ರ ಸರ್ಕಾರ ಕೌನ್ಸಿಲ್‌ಗಳಿಗೆ ಕೊಡುವ ಹಣ ಕಡಿಮೆ ಮಾಡುತ್ತಾ ಬಂತು. ಬೆಲೆ ಏರಿಕೆ ಲೆಕ್ಕ ಹಾಕಿದರೆ 2017-18ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಹೆಚ್ಚುಕಮ್ಮಿ ಅರ್ಧ ಹೋಗಿತ್ತು. ಅನುದಾನವನ್ನೇ ನಂಬಿದ್ದ ಬಡ ಊರುಗಳಿಗೆ ಪೆಟ್ಟು ಜಾಸ್ತಿ. ವಯಸ್ಸಾದವರ ಆರೈಕೆ, ಮಕ್ಕಳ ರಕ್ಷಣೆ ಕಾನೂನಿನ ಪ್ರಕಾರ ಬಿಡುವ ಹಾಗಿಲ್ಲ. ಕತ್ತರಿ ಬಿದ್ದಿದ್ದು ಲೈಬ್ರರಿಗೆ, ಯೂತ್ ಕ್ಲಬ್ಬಿಗೆ, ಇಂಥ ಕೇಂದ್ರಗಳಿಗೆ. 2013ರಲ್ಲಿ ಬಡವರ ಟ್ಯಾಕ್ಸ್ ರಿಯಾಯಿತಿಯನ್ನೂ ಕೌನ್ಸಿಲ್‌ಗಳ ತಲೆಗೆ ಕಟ್ಟಿ, ಅದರ ಹಣದಲ್ಲಿ 10% ಹಿಡಿದುಕೊಂಡರು. ಅಲ್ಲಿಯವರೆಗೆ ಏನೂ ಕಟ್ಟದಿದ್ದ ಆ ಹುಡುಗಿಗೂ ಬಿಲ್ ಬಂತು. ಒಂದು ಸಂಜೆ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಕೆಂಪಕ್ಷರದ ನೋಟಿಸ್ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಬಿಡಿಸಿ ಹೇಳುವವರು ಬೇರೆ ಯಾರೂ ಉಳಿದಿರಲಿಲ್ಲ. ಆಮೇಲೆ ಮನೆ ಖಾಲಿ ಮಾಡಿ ಹೋದಳು. ಎಲ್ಲಿದ್ದಾಳೋ, ಇವತ್ತಿಗೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಬರ್ಮಿಂಗ್‌ಹ್ಯಾಮ್ ಕೌನ್ಸಿಲ್ 2023ರ ಸೆಪ್ಟೆಂಬರಿನಲ್ಲಿ ದುಡ್ಡಿಲ್ಲ ಅಂತ ಕೈ ಎತ್ತಿತು. ಅದರಲ್ಲಿ ಕೇಂದ್ರ ಸರ್ಕಾರದ್ದಷ್ಟೇ ತಪ್ಪಲ್ಲ, ಹೆಂಗಸರಿಗೆ ಸಮಾನ ಸಂಬಳ ಕೊಡದೆ ಉಳಿಸಿಕೊಂಡ ಬಾಕಿಯೂ ದೊಡ್ಡದಿತ್ತು. ಮುಂದಿನ ವರ್ಷ ಟ್ಯಾಕ್ಸ್ 9.99% ಏರಿತು. ಬಾಡಿಗೆ ಅಗ್ಗ ಅಂತ ಸುಮ್ನೆ ಒಪ್ಪಿಕೊಳ್ಳಬೇಡಿ, ಆ ಕೌನ್ಸಿಲ್ಲಿನ ಲೈಬ್ರರಿ ಬಾಗಿಲು ತೆಗೆದಿದೆಯಾ ನೋಡಿ.

ನಮ್ಮೂರಿನಲ್ಲೂ ಇದೇ ಜಗ್ಗಾಟ ಅಲ್ವಾ? ಕೇಂದ್ರದ ತೆರಿಗೆಯಲ್ಲಿ ಕರ್ನಾಟಕದ ಪಾಲು 15ನೇ ಹಣಕಾಸು ಆಯೋಗದಲ್ಲಿ 4.71ರಿಂದ 3.65%ಗೆ ಇಳಿಯಿತು. ಬೆಂಗಳೂರಿನ ಕಾರ್ಪೊರೇಟರ್‌ಗಳ ಅವಧಿ 2020ರಲ್ಲೇ ಮುಗಿಯಿತು. ಇಲ್ಲಿ ಕೌನ್ಸಿಲರ್ ಇದ್ದಾರೆ, ಭೇಟಿಗೆ ಸಿಗುತ್ತಾರೆ. ಭಾರತದ ಪಾಸ್‌ಪೋರ್ಟ್ ಇದ್ದರೂ ಕಾಮನ್‌ವೆಲ್ತ್ ದೇಶದವರು ಅಂತ ನಮಗೆ ವೋಟು ಹಾಕುವ ಹಕ್ಕು ಕೊಟ್ಟಿದ್ದಾರೆ. ವಿಳಾಸ ಸಿಕ್ಕ ವಾರವೇ ವೋಟರ್ ಪಟ್ಟಿಗೆ ಹೆಸರು ಸೇರಿಸಿ.